ದೇವರು ಕೊಟ್ಟ ಪ್ರತಿಭೆಯನ್ನು ಗುರುತಿಸಿ ಬೆಳೆಸುವುದು ಹೇಗೆ: ಬೆಂಗಳೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ದೇವರು ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ ಎಂದು ನಂಬುವವರು ನಮ್ಮಲ್ಲಿ ಬಹಳ ಮಂದಿ. ಆದರೆ "ಹಾಗಾದರೆ ನಿಮಗೆ ಕೊಟ್ಟಿದ್ದೇನು?" ಎಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಹುಡುಕುವ ಜಾಗ ತಪ್ಪಿರುವುದೇ ಇದಕ್ಕೆ ಕಾರಣ. ಕೂತು ಯೋಚಿಸಿದರೆ ಕೈಗೆ ಸಿಗುವುದು ನಮ್ಮ ಆಸೆಗಳು, ಅಪ್ಪ ಅಮ್ಮ ನಮ್ಮ ಬಗ್ಗೆ ಇಟ್ಟುಕೊಂಡಿದ್ದ ಆಸೆಗಳು, ಪಕ್ಕದ ಮನೆಯವರನ್ನು ನೋಡಿ ಹುಟ್ಟಿದ ಆಸೆಗಳು. ಪ್ರತಿಭೆ ಅಲ್ಲಿ ಸಿಗುವುದಿಲ್ಲ. ಕೈ ಕೆಲಸಕ್ಕೆ ಇಳಿದಾಗ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಯೋಚಿಸುವ ಕೆಲಸ ಕಡಿಮೆ, ಮಾಡಿ ನೋಡುವ ಕೆಲಸ ಹೆಚ್ಚು.

ಒಟ್ಟು ಸುಮಾರು ಆರು ತಿಂಗಳು ಬೇಕು: ಗಮನಿಸಲು ನಾಲ್ಕು ವಾರ, ಬೇರೆಯವರನ್ನು ಕೇಳಲು ಒಂದು ವಾರ, ಪರೀಕ್ಷಿಸಲು ಎಂಟು ವಾರ, ಉಳಿದ ಮೂರು ತಿಂಗಳು ಗುರುವಿನ ಬಳಿ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಎಲ್ಲೂ ಬೇಡ. ಕೆಲಸಕ್ಕೆ ಹೋಗುವವರು, ಮನೆ ನೋಡಿಕೊಳ್ಳುವವರು, ನಿವೃತ್ತರು, ಎಲ್ಲರಿಗೂ ಇದು ಸಾಧ್ಯ.

ಯಾವುದು ಗುರುತು, ಯಾವುದು ಅಲ್ಲ

ಒಂದು ವಿಷಯ ನಿಮಗೆ ಇಷ್ಟವಾದ ಮಾತ್ರಕ್ಕೆ ಅದರಲ್ಲಿ ಪ್ರತಿಭೆ ಇದೆ ಎಂದಾಗುವುದಿಲ್ಲ. ಸಂಗೀತ ಕೇಳಿ ಕಣ್ಣೀರು ಬರುವವರಲ್ಲಿ ಅನೇಕರಿಗೆ ಶ್ರುತಿ ನಿಲ್ಲುವುದಿಲ್ಲ. ಅವರು ಒಳ್ಳೆಯ ರಸಿಕರು, ಅದೂ ಒಂದು ವರವೇ, ಆದರೆ ಹಾಡುಗಾರಿಕೆಯ ವರವಲ್ಲ. ನೆಂಟರ ಮನೆಯ ಚಪ್ಪಾಳೆ, ಮೊಬೈಲಿನ ಲೈಕು, ಶಾಲೆಯ ಅಂಕ ಇವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನೆಂಟರು ಪ್ರೀತಿಯಿಂದ ತಟ್ಟುತ್ತಾರೆ, ಅಂಕದಲ್ಲಿ ಟ್ಯೂಷನ್‌ನ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ.

ನಂಬಬಹುದಾದ ಗುರುತುಗಳು ನಾಲ್ಕು. ಅದೇ ಕೆಲಸವನ್ನು ಜೊತೆಯಲ್ಲಿ ಶುರು ಮಾಡಿದವರಿಗಿಂತ ನೀವು ಬೇಗ ಕಲಿಯುತ್ತೀರಿ. ಯಾರೂ ಹೇಳದೆಯೇ ನಿಮ್ಮ ತಪ್ಪು ನಿಮಗೆ ಕಾಣುತ್ತದೆ. ಆ ಕೆಲಸದ ಬೇಸರದ ಭಾಗವನ್ನೂ ಗೊಣಗದೆ ಮಾಡುತ್ತೀರಿ. ಅದರಿಂದ ಇನ್ನೊಬ್ಬರಿಗೆ ನಿಜವಾಗಿ ಪ್ರಯೋಜನವಾಗುತ್ತದೆ. ಇವುಗಳಲ್ಲಿ ಎರಡನೆಯದಕ್ಕೆ ನಾವು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇವೆ. ಅಪಸ್ವರ ಬಂದ ಕೂಡಲೇ ಮುಖ ಹಿಂಡುವ ಮಗು, ಲೆಕ್ಕದ ಪುಸ್ತಕ ತೆರೆದ ಕೂಡಲೇ ತಾಳೆಯಾಗದ ಸಾಲಿನ ಮೇಲೆ ಬೆರಳಿಡುವ ಗುಮಾಸ್ತ, ಒಗ್ಗರಣೆಯ ವಾಸನೆಯಲ್ಲೇ ಮೆಂತ್ಯ ಸೀದಿದ್ದು ತಿಳಿಯುವ ಅಡುಗೆಯವರು: ಇವರಿಗೆಲ್ಲ ಇಂದ್ರಿಯ ಮೊದಲು ಬಂದಿದೆ, ಕೌಶಲ ನಂತರ ಬರುತ್ತದೆ. ಇಂದ್ರಿಯವೇ ಇಲ್ಲದ ಕಡೆ ಕೌಶಲ ಕೂರಿಸುವುದು ಬಹಳ ಕಷ್ಟ.

ವೇದಿಕೆ ಇರುವ ಪ್ರತಿಭೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ದೊಡ್ಡ ತಪ್ಪು. ಹಾಡು, ನೃತ್ಯ, ಕ್ರಿಕೆಟ್ಟು, ಚಿತ್ರಕಲೆಯಲ್ಲಿಗೇ ಪಟ್ಟಿ ಮುಗಿಯುವುದಿಲ್ಲ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ನೀರಿನ ಬಿಲ್ಲಿಗಾಗಿ ಎದ್ದ ಜಗಳವನ್ನು ಹತ್ತು ನಿಮಿಷದಲ್ಲಿ ತಣ್ಣಗಾಗಿಸುವವರು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತರೆ ಸಾಕು ಅವರಿಗೆ ಧೈರ್ಯ ಬರುವಂಥವರು, ಮದುವೆ ಮನೆಯಲ್ಲಿ ಐನೂರು ಜನರ ಊಟದ ಪಂಕ್ತಿಯನ್ನು ಗದ್ದಲವಿಲ್ಲದೆ ನಡೆಸುವವರು, ಇವರಿಗೂ ದೇವರು ಕೊಟ್ಟದ್ದು ಸಣ್ಣದಲ್ಲ. ಅದಕ್ಕೆ ಬಹುಮಾನದ ಕಪ್ಪು ಇಲ್ಲ, ಅಷ್ಟೇ.

ಮೊದಲ ಹೆಜ್ಜೆ: ನಾಲ್ಕು ವಾರದ ನೋಟ್‌ಬುಕ್

ನೂರು ಪುಟದ ಸಾಧಾರಣ ನೋಟ್‌ಬುಕ್ ಸಾಕು. ಫೋನಿನಲ್ಲಿ ಬರೆಯಬೇಡಿ, ಬರೆಯಲು ತೆಗೆದ ಫೋನು ಇನ್ನೆಲ್ಲಿಗೋ ಕರೆದೊಯ್ಯುತ್ತದೆ. ಪ್ರತಿ ಪುಟಕ್ಕೆ ನಾಲ್ಕು ಗೆರೆ ಎಳೆದು ಐದು ಕಾಲಂ ಮಾಡಿ: ಮಾಡಿದ ಕೆಲಸ, ಹಿಡಿದ ಸಮಯ, ಹಿಡಿದಂತೆ ಅನಿಸಿದ ಸಮಯ, ನನಗೇ ಕಂಡ ತಪ್ಪು, ಯಾರಿಗೆ ಉಪಯೋಗವಾಯಿತು.

ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಕೂತು ಆ ದಿನದ ನಾಲ್ಕೈದು ಕೆಲಸ ಬರೆಯಿರಿ. ಆಫೀಸಿನ ಕೆಲಸ, ಮನೆಗೆಲಸ, ಮಗುವಿಗೆ ಪಾಠ ಹೇಳಿದ್ದು, ಗಿಡಕ್ಕೆ ಗೊಬ್ಬರ ಹಾಕಿದ್ದು, ಏನಾದರೂ ಸರಿ. "ಖುಷಿಯಾಯಿತು", "ಬೇಜಾರಾಯಿತು" ಎಂದಷ್ಟೇ ಬರೆದರೆ ತಿಂಗಳ ಕೊನೆಗೆ ಅದರಿಂದ ಏನೂ ತಿಳಿಯುವುದಿಲ್ಲ. "ಪ್ರೆಸೆಂಟೇಷನ್ ಮಾಡಿದೆ" ಎನ್ನುವುದೂ ಸಾಲದು. ಪ್ರೆಸೆಂಟೇಷನ್‌ನಲ್ಲಿ ಅಂಕಿಅಂಶ ಜೋಡಿಸಿದ್ದೋ, ಚಿತ್ರ ಬಿಡಿಸಿದ್ದೋ, ನಿಂತು ಮಾತಾಡಿದ್ದೋ, ಪ್ರಶ್ನೆಗೆ ಉತ್ತರಿಸಿದ್ದೋ? ಪ್ರತಿಭೆ ಇರುವುದು ಈ ತುಂಡುಗಳಲ್ಲಿ, ಇಡೀ ಹುದ್ದೆಯಲ್ಲಲ್ಲ.

ಎರಡು ಗಂಟೆ ಹಿಡಿದ ಕೆಲಸ ಅರ್ಧ ಗಂಟೆಯಂತೆ ಅನಿಸಿದ್ದು ಎಲ್ಲೆಲ್ಲಿ ಎಂದು ನಾಲ್ಕನೇ ವಾರದ ಭಾನುವಾರ ಹುಡುಕಿ ಗೆರೆ ಹಾಕಿ. ಆ ಸಾಲುಗಳಲ್ಲಿ ಕೊನೆಯ ಎರಡು ಕಾಲಂ ಕೂಡ ತುಂಬಿದ್ದರೆ ಅದು ಗಟ್ಟಿ ಸುಳಿವು. ಸಮಯ ಓಡಿದೆ, ಆದರೆ ತಪ್ಪಿನ ಕಾಲಂ ಖಾಲಿ, ಉಪಯೋಗದ ಕಾಲಂ ಖಾಲಿ ಎಂದರೆ ಅದು ಬಹುಶಃ ಬರೀ ಮನರಂಜನೆ. ವೆಬ್ ಸೀರೀಸ್ ನೋಡುವಾಗಲೂ ಸಮಯ ಓಡುತ್ತದೆ.

ನೋಟ್‌ಬುಕ್‌ನ ಕೊನೆಯಲ್ಲಿ ಎರಡು ಪುಟ ಬಾಲ್ಯಕ್ಕೆ ಮೀಸಲಿಡಿ. ಹನ್ನೆರಡು ವರ್ಷಕ್ಕೆ ಮುಂಚೆ ಯಾರೂ ಹೇಳದೆ ನೀವಾಗಿ ಮಾಡುತ್ತಿದ್ದ ಕೆಲಸ ಯಾವುದು? ರೇಡಿಯೊ ಬಿಚ್ಚಿದ್ದು, ತಮ್ಮಂದಿರನ್ನು ಕೂರಿಸಿ ಶಾಲೆಯಾಟ ಆಡಿದ್ದು, ಗೋಡೆಯ ಮೇಲೆ ಗೀಚಿದ್ದು. ನೆನಪಾಗದಿದ್ದರೆ ಅಮ್ಮನನ್ನೋ ಸೋದರತ್ತೆಯನ್ನೋ ಕೇಳಿ. ಗಣಿತದ ಮೋಡಿಯಿಂದ ಜಗತ್ಪ್ರಸಿದ್ಧರಾದ ಶಕುಂತಲಾ ದೇವಿ 1929ರಲ್ಲಿ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಅವರ ಪ್ರತಿಭೆ ಮೊದಲು ಕಂಡದ್ದು ಯಾವ ಪರೀಕ್ಷೆಯಲ್ಲೂ ಅಲ್ಲ. ಸರ್ಕಸ್ಸಿನಲ್ಲಿದ್ದ ತಂದೆ ಇಸ್ಪೀಟಿನ ಚಮತ್ಕಾರ ಕಲಿಸುವಾಗ ಪುಟ್ಟ ಮಗಳು ಸಂಖ್ಯೆಗಳನ್ನು ನೆನಪಿಡುವ ಪರಿ ನೋಡಿ ಬೆರಗಾದರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಆಕೆ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಬಾಲ್ಯದಲ್ಲಿ ಎದುರಿಗಿದ್ದ ತಂದೆ ಗಮನಿಸಿದ್ದರಿಂದ ಆ ಪ್ರತಿಭೆ ಬೆಳಕಿಗೆ ಬಂತು.

ಎರಡನೇ ಹೆಜ್ಜೆ: ಏಳು ಜನರನ್ನು ಕೇಳುವುದು

ನಮಗೆ ಸಲೀಸಾಗಿ ಬರುವುದು ಎಲ್ಲರಿಗೂ ಬರುತ್ತದೆ ಎಂದೇ ನಾವು ಅಂದುಕೊಂಡಿರುತ್ತೇವೆ. ಆದ್ದರಿಂದ ಹೊರಗಿನ ಕಣ್ಣು ಬೇಕು. ಮನೆಯವರು ಇಬ್ಬರು, ಕೆಲಸದ ಜಾಗದವರು ಇಬ್ಬರು, ಹಳೆಯ ಮೇಷ್ಟ್ರೋ ಟೀಚರೋ ಒಬ್ಬರು, ದೇವಸ್ಥಾನ, ಚರ್ಚು, ಮಸೀದಿ ಅಥವಾ ಸಂಘದಲ್ಲಿ ನಿಮ್ಮ ಜೊತೆ ಓಡಾಡಿದವರು ಒಬ್ಬರು, ನಿಮ್ಮನ್ನು ಅಷ್ಟಾಗಿ ಮೆಚ್ಚದವರು ಒಬ್ಬರು. ಕೊನೆಯವರನ್ನು ಬಿಡಬೇಡಿ. ಅವರು ಒಪ್ಪಿಕೊಳ್ಳುವ ಒಂದೇ ಒಂದು ಗುಣ ಉಳಿದ ಆರು ಜನರ ಹೊಗಳಿಕೆಗಿಂತ ಭದ್ರ.

"ನನ್ನ ಟ್ಯಾಲೆಂಟ್ ಏನು?" ಎಂದು ಕೇಳಬೇಡಿ. ಸಂಕೋಚದಲ್ಲಿ ಏನೋ ಒಂದು ಹೇಳಿಬಿಡುತ್ತಾರೆ. ಹೀಗೆ ಕೇಳಿ: "ಕಳೆದ ಒಂದೆರಡು ವರ್ಷದಲ್ಲಿ ನಾನು ಮಾಡಿದ ಯಾವ ಕೆಲಸದಿಂದ ನಿಮಗೆ ಉಪಯೋಗವಾಯಿತು? ಆಗ ನಾನು ಏನು ಮಾಡಿದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?" ನಂತರ ಇನ್ನೊಂದು: "ಯಾವ ಕೆಲಸಕ್ಕೆ ನನ್ನನ್ನು ಕರೆಯಲೇಬಾರದು ಅನಿಸುತ್ತೆ?" ಉತ್ತರ ಬಂದಾಗ ಸಮರ್ಥನೆಗೆ ಇಳಿಯದೆ ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಮೂರು ಜನ ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯ ಹೇಳಿದ್ದರೆ ಅದನ್ನು ನೋಟ್‌ಬುಕ್‌ನ ಸುಳಿವಿನ ಪಕ್ಕ ಇಟ್ಟು ನೋಡಿ. ಎರಡೂ ಕೂಡಿದ ಕಡೆಯಿಂದ ಹೆಚ್ಚೆಂದರೆ ಎರಡು ವಿಷಯ ಆರಿಸಿ ಪರೀಕ್ಷೆಗೆ ಇಳಿಯಿರಿ.

ಬೆರಳಚ್ಚಿನ ಪರೀಕ್ಷೆಯ ಬಗ್ಗೆ ಇಲ್ಲೇ ಎಚ್ಚರಿಸಬೇಕು. ಡಿಎಂಐಟಿ ಎಂಬ ಹೆಸರಿನಲ್ಲಿ ಮಕ್ಕಳ ಹತ್ತು ಬೆರಳಿನ ಗುರುತು ತೆಗೆದು "ನಿಮ್ಮ ಮಗುವಿನ ಜನ್ಮಜಾತ ಪ್ರತಿಭೆ ಇದು" ಎಂದು ಬಣ್ಣಬಣ್ಣದ ವರದಿ ಕೊಡುತ್ತಾರೆ. ಬೆರಳಿನ ಗೆರೆಗೂ ಬುದ್ಧಿಯ ಬಗೆಗೂ ಅವರು ಹೇಳುವ ಸಂಬಂಧಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆ ಸಾವಿರಾರು ರೂಪಾಯಿಯಲ್ಲಿ ಮಗುವಿಗೆ ಕೆಲವು ತಿಂಗಳ ಒಳ್ಳೆಯ ಪಾಠವೇ ಆಗುತ್ತದೆ. ಪ್ರಶ್ನಾವಳಿ ರೂಪದ ಆಸಕ್ತಿ ಪರೀಕ್ಷೆಗಳು ಇದಕ್ಕಿಂತ ಮೇಲು. ಆದರೆ ಅವು ಹೇಳುವುದು ಆಸಕ್ತಿಯನ್ನು ಮಾತ್ರ, ಸಾಮರ್ಥ್ಯವನ್ನಲ್ಲ.

ಮೂರನೇ ಹೆಜ್ಜೆ: ಮಾಡಿಸಿ ನೋಡುವ ಪರೀಕ್ಷೆ

ಇಡೀ ಮಾರ್ಗದರ್ಶಿಯ ತಿರುಳು ಇಲ್ಲಿದೆ. ಆರಿಸಿದ ಒಂದೊಂದು ವಿಷಯಕ್ಕೆ ನಾಲ್ಕು ವಾರ, ವಾರಕ್ಕೆ ಐದು ದಿನ, ದಿನಕ್ಕೆ 40 ನಿಮಿಷ. ಮೊದಲ ದಿನ ಒಂದು ನಿಗದಿತ ಕೆಲಸ ಮಾಡಿ ದಾಖಲಿಸಿ. ಕೊನೆಯ ದಿನ ಅದೇ ಕೆಲಸವನ್ನು ಮತ್ತೆ ಮಾಡಿ. ಎರಡರ ನಡುವಿನ ಅಂತರ ನೋಡಬೇಕೇ ಹೊರತು ಕೊನೆಯದು ಎಷ್ಟು ಚೆನ್ನಾಗಿದೆ ಎಂದಲ್ಲ. ಸಾಧ್ಯವಾದರೆ ಇನ್ನೊಬ್ಬ ಹೊಸಬರನ್ನು ಜೊತೆಗೆ ಸೇರಿಸಿಕೊಳ್ಳಿ. ಒಬ್ಬರೇ ಓಡಿದರೆ ವೇಗ ತಿಳಿಯುವುದಿಲ್ಲ.

ಹಾಡುಗಾರಿಕೆ: ತಂಬೂರಿ ಆ್ಯಪ್ ಹಾಕಿ, ಆರಾಮವಾಗಿ ಮೇಲೂ ಕೆಳಗೂ ಹೋಗಬಹುದಾದ ಶ್ರುತಿ ಇಟ್ಟುಕೊಂಡು, ಷಡ್ಜವನ್ನು, ಅಂದರೆ ಮೂಲ ಸ್ವರವಾದ "ಸ"ವನ್ನು, ಹತ್ತು ಸೆಕೆಂಡು ಅಲುಗದೆ ಹಿಡಿಯಿರಿ. ನಂತರ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆಯ (ಕರ್ನಾಟಕ ಸಂಗೀತದ ಆರಂಭದ ಪಾಠ) ಮೊದಲ ಮೂರನ್ನು ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ಹಾಡಿ ಧ್ವನಿಮುದ್ರಿಸಿ. ರಾಗದ ಪರಿಚಯವಿಲ್ಲದವರು ಯಾರಾದರೂ ಬಲ್ಲವರಿಂದ ಒಮ್ಮೆ ಹೇಳಿಸಿಕೊಳ್ಳಬೇಕು. ಸಾಮಾನ್ಯವಾಗಿ ಎರಡು ಕಡೆ ತಪ್ಪುತ್ತದೆ: ಶುದ್ಧ ರಿಷಭ (ಈ ರಾಗದ "ರಿ") ಇರಬೇಕಾದಷ್ಟು ಕೆಳಗೆ ನಿಲ್ಲದೆ ಮೇಲಕ್ಕೆ ಜಾರುತ್ತದೆ, ಎರಡನೇ ಕಾಲಕ್ಕೆ ಹೋದಾಗ ಕೈಯ ತಾಳವೇ ಓಡತೊಡಗುತ್ತದೆ. ತಪ್ಪು ಬರುವುದು ಸಹಜ. ಮುದ್ರಿಸಿದ್ದನ್ನು ಕೇಳುವಾಗ ರಿಷಭ ಜಾರಿದ್ದು ನಿಮಗೇ ಕೇಳಿಸಿತೇ ಎಂಬುದು ಮುಖ್ಯ. ಕೇಳಿಸಿದರೆ ಕಿವಿ ಇದೆ, ಗಂಟಲನ್ನು ಪಳಗಿಸಬಹುದು.

ಚಿತ್ರಕಲೆ: 2ಬಿ ಮತ್ತು 4ಬಿ ಪೆನ್ಸಿಲ್ ಒಂದೊಂದು, ಎ4 ಹಾಳೆ ನೂರು. ಮನೆಯ ಹಿತ್ತಾಳೆ ತಂಬಿಗೆಯನ್ನು ಕಿಟಕಿಯ ಪಕ್ಕ ಇಟ್ಟು, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರುವಂತೆ ನೋಡಿಕೊಂಡು, ದಿನಕ್ಕೆ ಹತ್ತು ನಿಮಿಷದ ಮೂರು ಚಿತ್ರ ಬಿಡಿಸಿ. ಹೊಸಬರ ಚಿತ್ರದಲ್ಲಿ ತಂಬಿಗೆಯ ಬಾಯಿ ಎರಡೂ ತುದಿಯಲ್ಲಿ ಚೂಪಾಗಿರುತ್ತದೆ, ತಳ ನೇರ ಗೆರೆಯಾಗಿರುತ್ತದೆ. ತಳ ಚಪ್ಪಟೆ ಎಂದು ತಲೆಗೆ ಗೊತ್ತು, ಹಾಗಾಗಿ ಕಣ್ಣಿಗೆ ಕಾಣುವುದನ್ನು ಕೈ ಬರೆಯುವುದಿಲ್ಲ. ಮೇಲಿನಿಂದ ನೋಡುವಾಗ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ದುಂಡಗೆ ಕಾಣಬೇಕು. ಎರಡನೇ ವಾರದೊಳಗೆ ಇದು ನಿಮಗೆ ತಾನಾಗಿ ಹೊಳೆದರೆ ಒಳ್ಳೆಯ ಲಕ್ಷಣ. ಭಾನುವಾರ ಲಾಲ್‌ಬಾಗಿಗೆ ಹೋಗಿ ಒಂದೇ ಮರದ ಮುಂದೆ ಒಂದು ಗಂಟೆ ಕೂತು ಬರೆಯಿರಿ. ಕೂರಲು ಆಗುವುದಿಲ್ಲ ಎಂದರೆ ಅದೂ ಒಂದು ಉತ್ತರ.

ಪಾಠ ಹೇಳುವುದು: ಏಳನೇ ತರಗತಿಯ ಮಗುವಿಗೆ ಅರ್ಧಕ್ಕೆ ಮೂರನೇ ಒಂದು ಕೂಡಿಸುವ ಲೆಕ್ಕ ಕೊಡಿ. ಭಿನ್ನರಾಶಿ ಕಷ್ಟವಾಗಿರುವ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಎನ್ನುತ್ತದೆ. ಆಗ ನೀವೇನು ಮಾಡುತ್ತೀರಿ? ತಕ್ಷಣ ಸರಿಯಾದ ವಿಧಾನ ಹೇಳಿಕೊಟ್ಟರೆ ನೀವು ಲೆಕ್ಕ ಬಲ್ಲವರು. "ಇದು ಹೇಗೆ ಬಂತು ಹೇಳು" ಎಂದು ಕೇಳಿ, ಐದನೇ ಎರಡು ಅರ್ಧಕ್ಕಿಂತ ಕಡಿಮೆಯಲ್ಲವೇ, ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಕಡಿಮೆಯಾಗುವುದುಂಟೇ ಎಂದು ಮಗುವಿನ ಬಾಯಲ್ಲೇ ಹೊರಡಿಸಿದರೆ ನಿಮಗೆ ಕಲಿಸುವ ವರವಿದೆ. ಮರುದಿನ ಆ ಮಗು ಇನ್ನೊಂದು ಮಗುವಿಗೆ ಅದನ್ನು ವಿವರಿಸಬಲ್ಲದೇ ನೋಡಿ. ಅದೇ ನಿಮ್ಮ ಫಲಿತಾಂಶ.

ಯಂತ್ರಗಳು: ಮನೆಯಲ್ಲಿ ಕೆಟ್ಟು ಕೂತ ಮಿಕ್ಸಿ ಇದ್ದೇ ಇರುತ್ತದೆ. ಪ್ಲಗ್ ಕಿತ್ತು ದೂರ ಇಟ್ಟ ಮೇಲೆಯೇ ಮುಟ್ಟಬೇಕು, ಬಿಚ್ಚಿದ ಮಿಕ್ಸಿಗೆ ಯಾವ ಕಾರಣಕ್ಕೂ ಕರೆಂಟು ಕೊಡಬಾರದು. ಮೊದಲು ಕೆಳಗಿನ ಓವರ್‌ಲೋಡ್ ಬಟನ್ ಒತ್ತಿ ನೋಡಿದಿರಾ, ಅಥವಾ ನೇರ ಸ್ಕ್ರೂಡ್ರೈವರ್ ಹಿಡಿದಿರಾ? ನಂತರ ಜಾರಿನ ಕಪ್ಲರ್ (ಜಾರನ್ನು ಮೋಟಾರಿಗೆ ಜೋಡಿಸುವ ತುಂಡು) ಸವೆದಿದೆಯೇ, ಆಮೇಲೆ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ತುಂಡು) ಎಷ್ಟು ಉಳಿದಿದೆ. ಹೊರಗಿನಿಂದ ಒಳಕ್ಕೆ, ಸುಲಭದಿಂದ ಕಷ್ಟಕ್ಕೆ ಹೋಗುವ ಈ ಕ್ರಮ ಕೆಲವರಿಗೆ ಹುಟ್ಟಿನಿಂದ ಬಂದಿರುತ್ತದೆ. ಬಿಚ್ಚುವ ಪ್ರತಿ ಹಂತಕ್ಕೂ ಫೋಟೊ ತೆಗೆದು, ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟಲುಗಳಲ್ಲಿ ಇಡುವವರು ಮುಂದೆ ಒಳ್ಳೆಯ ಮೆಕ್ಯಾನಿಕ್ ಆಗುತ್ತಾರೆ. ಬಿಡಿಭಾಗಕ್ಕೆ ಎಸ್.ಪಿ. ರಸ್ತೆಯಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಲ್ಲಿ ಈ ಗುಣ ಕಂಡರೆ ರಾಜಾಜಿನಗರ ಕೈಗಾರಿಕಾ ಪ್ರದೇಶದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಬಗ್ಗೆ ವಿಚಾರಿಸಿ. ಪಿಯುಸಿ ವಿಜ್ಞಾನವೊಂದೇ ದಾರಿಯಲ್ಲ.

ಅಡುಗೆಯಲ್ಲಿ ನಾಲ್ಕು ಜನರ ಬಿಸಿಬೇಳೆಬಾತ್ ಚೆನ್ನಾಗಿ ಬಂದರೆ ಏನೂ ಸಾಬೀತಾಗುವುದಿಲ್ಲ. ನಲವತ್ತು ಜನಕ್ಕೆ ಮಾಡಿ ನೋಡಿ. ನೀರನ್ನು ನೇರವಾಗಿ ಹತ್ತರಿಂದ ಗುಣಿಸಿದರೆ ನೀರಾಗುತ್ತದೆ, ಏಕೆಂದರೆ ದೊಡ್ಡ ಪಾತ್ರೆಯಲ್ಲಿ ಆವಿಯಾಗುವ ಪ್ರಮಾಣ ಕಡಿಮೆ. ಉಪ್ಪು, ಖಾರವನ್ನೂ ಲೆಕ್ಕಕ್ಕಿಂತ ಕಡಿಮೆಯಿಂದ ಶುರು ಮಾಡಿ ರುಚಿ ನೋಡುತ್ತ ಏರಿಸಬೇಕು. ಇದನ್ನು ಕೈಯೇ ತೂಗಿ ಹೇಳುವವರಿದ್ದಾರೆ. ಬರವಣಿಗೆಗಾದರೆ ವಾರಕ್ಕೆ ಮೂರು ದಿನ 300 ಪದ. ಕಂಡ ಒಂದೇ ದೃಶ್ಯ, ವಿಶೇಷಣ ಕಡಿಮೆ. ಮರುವಾರ ಓದಿ ಮೂರನೇ ಒಂದು ಭಾಗ ಹೊಡೆದುಹಾಕಲು ನಿಮಗೆ ಮನಸ್ಸು ಬರುತ್ತದೆಯೇ ನೋಡಿ.

ನಾಲ್ಕು ವಾರದಲ್ಲಿ ಐದು ದಿನದ ಬದಲು ಎರಡೇ ದಿನ ಮಾಡಿದ್ದರೆ ತೀರ್ಪು ಕೊಡಬೇಡಿ, ಇನ್ನೊಮ್ಮೆ ಮಾಡಿ. ಎರಡನೇ ಸಲವೂ ಹಾಗೇ ಆದರೆ ಬಿಡಿ. ಮನಸ್ಸಿಗೆ ನೋವಾಗಬಹುದು, ವಿಶೇಷವಾಗಿ ಬಹಳ ವರ್ಷ ಕಾಪಾಡಿಕೊಂಡು ಬಂದ ಕನಸಾದರೆ. ಆದರೂ ನಿಮಗೆ ಕೊಡದೇ ಇದ್ದದ್ದನ್ನು ಹಿಡಿದು ಕೂತರೆ, ಕೊಟ್ಟದ್ದು ಹಾಗೇ ಮೂಲೆಯಲ್ಲಿ ಉಳಿಯುತ್ತದೆ.

ನಾಲ್ಕನೇ ಹೆಜ್ಜೆ: ಗುರು

ಪರೀಕ್ಷೆಯಲ್ಲಿ ಉಳಿದ ಒಂದು ವಿಷಯಕ್ಕೆ ಗುರು ಬೇಕು. ಯೂಟ್ಯೂಬ್ ವಿಧಾನ ತೋರಿಸುತ್ತದೆ, ನಿಮ್ಮ ತಪ್ಪನ್ನು ತೋರಿಸುವುದಿಲ್ಲ.

ಬೆಂಗಳೂರಿನಲ್ಲಿ ಕಲಿಕೆ ನಿಲ್ಲಲು ದೊಡ್ಡ ಕಾರಣ ಪ್ರತಿಭೆಯ ಕೊರತೆಯಲ್ಲ, ದಾರಿ. ಸಂಜೆ ಆರರಿಂದ ಎಂಟರ ನಡುವೆ ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದ ಕ್ಲಾಸು ಮೂರನೇ ತಿಂಗಳು ನಿಲ್ಲುತ್ತದೆ. ಮನೆಯಿಂದ ಅರ್ಧ ಗಂಟೆಯೊಳಗೆ ಅಥವಾ ನಿಮ್ಮ ಮೆಟ್ರೊ ದಾರಿಯಲ್ಲೇ ಇರುವ ಗುರುವನ್ನು ಮೊದಲು ನೋಡಿ. ಇಲ್ಲವಾದರೆ ಭಾನುವಾರ ಬೆಳಿಗ್ಗೆ ಏಳರ ತರಗತಿ ಕೇಳಿ. ಆನ್‌ಲೈನ್ ಸಂಗೀತ ಪಾಠವಾದರೆ ಗುರುವಿನ ಜೊತೆ ಒಟ್ಟಿಗೆ ಹಾಡಲು ಪ್ರಯತ್ನಿಸಬೇಡಿ, ಧ್ವನಿ ತಲುಪುವ ವಿಳಂಬದಿಂದ ತಾಳ ಕೂಡುವುದಿಲ್ಲ. ತಂಬೂರಿ ನಿಮ್ಮ ಕಡೆಯೇ ನುಡಿಯಲಿ. ವಿಡಿಯೊ ಆ್ಯಪ್‌ನ ಗದ್ದಲ ತಡೆಯುವ ಸೌಲಭ್ಯವನ್ನು ಆಫ್ ಮಾಡಿ, ಇಲ್ಲವಾದರೆ ಅದು ತಂಬೂರಿಯ ನಾದವನ್ನೇ ಗದ್ದಲವೆಂದು ಅಳಿಸಿಬಿಡುತ್ತದೆ.

ಸೇರುವ ಮುನ್ನ ಒಂದು ತರಗತಿಯನ್ನು ಸುಮ್ಮನೆ ಕೂತು ನೋಡಲು ಅನುಮತಿ ಕೇಳಿ. ತಪ್ಪು ಬಂದ ಜಾಗದಲ್ಲೇ ಗುರು ನಿಲ್ಲಿಸುತ್ತಾರೆಯೇ? ಒಂದು ಸಲಕ್ಕೆ ಒಂದೇ ತಿದ್ದುಪಡಿ ಹೇಳುತ್ತಾರೆಯೇ? ಬಹಳ ಮುಖ್ಯವಾಗಿ, ಅಲ್ಲಿ ಮೂರು ವರ್ಷದಿಂದ ಕಲಿಯುತ್ತಿರುವ ಸಾಧಾರಣ ವಿದ್ಯಾರ್ಥಿಯ ಮಟ್ಟ ನೋಡಿ. ಗೋಡೆಯ ಮೇಲೆ ಫೋಟೊ ಹಾಕಿರುವ ಒಬ್ಬ ಶಿಷ್ಯನನ್ನು ನೋಡಿ ಸೇರಬೇಡಿ, ಅಂಥವರು ಎಲ್ಲಿ ಕಲಿತಿದ್ದರೂ ಮೇಲೆ ಬರುತ್ತಿದ್ದರು. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಮಾತ್ರ ತಯಾರು ಮಾಡುವ ಕಡೆ ಕೃತಿಗಳ ಸಂಖ್ಯೆ ಬೆಳೆಯುತ್ತದೆ, ಕೈ ಅಥವಾ ಗಂಟಲು ಬೆಳೆಯುವುದಿಲ್ಲ.

ಗುರುವಿನ ಹೊರತಾಗಿ ಈ ನಗರವೇ ಕೊಡುವುದು ಬಹಳ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ರಾಮನವಮಿ ಸಂಗೀತೋತ್ಸವ 1939ರಲ್ಲಿ ಶುರುವಾದದ್ದು. 1905ರ ಗಾಯನ ಸಮಾಜದಲ್ಲಿ ವರ್ಷವಿಡೀ ಕಛೇರಿ. ಜೆ.ಪಿ. ನಗರದ ರಂಗ ಶಂಕರ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಕಲಾವಿದರು ತಮ್ಮ ಚಿತ್ರದ ಪಕ್ಕವೇ ನಿಂತಿರುತ್ತಾರೆ, ಯಾವ ಕಾಗದ, ಎಷ್ಟು ದಿನ ಹಿಡಿಯಿತು ಎಂದು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ವಿಜ್ಞಾನದ ಹುಚ್ಚಿರುವ ಮಕ್ಕಳಿಗೆ ನೆಹರು ತಾರಾಲಯದ ಚಟುವಟಿಕೆಗಳಿವೆ. ಪುಸ್ತಕಕ್ಕೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಉಂಟು.

ಐದನೇ ಹೆಜ್ಜೆ: ದಿನದ ಅಭ್ಯಾಸ

ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ನಿಪುಣರಾಗುತ್ತೇವೆ ಎಂಬ ಮಾತು ಎಲ್ಲರೂ ಕೇಳಿದ್ದೇ. ಅದರ ಮೂಲ 1993ರಲ್ಲಿ ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಪ್ರಕಟಿಸಿದ ಅಧ್ಯಯನ. ಆ ಸಂಖ್ಯೆ ಒಂದು ಸರಾಸರಿ ಮಾತ್ರ, ನಿಯಮವಲ್ಲ ಎಂದು ಎರಿಕ್ಸನ್ನರೇ ಮುಂದೆ ಸ್ಪಷ್ಟಪಡಿಸಿದರು. ಅವರು ಒತ್ತಿ ಹೇಳಿದ್ದು ಅಭ್ಯಾಸದ ಬಗೆಯನ್ನು: ಬಾರದ ಒಂದೇ ಸಂಗತಿಯನ್ನು ಹಿಡಿದು, ತಿದ್ದಿಸಿಕೊಳ್ಳುತ್ತ, ಗಮನವಿಟ್ಟು ಮಾಡುವುದು.

45 ನಿಮಿಷ ಸಿಕ್ಕರೆ ಹೀಗೆ ಹಂಚಿಕೊಳ್ಳಿ. ಮೊದಲ 5 ನಿಮಿಷ ಕೈ ಅಥವಾ ಧ್ವನಿ ಸಡಿಲಿಸಲು. ಮುಂದಿನ 20 ನಿಮಿಷ ಈ ವಾರ ಗುರು ಹೇಳಿದ ಒಂದೇ ತಪ್ಪಿಗೆ, ಅರ್ಧ ವೇಗದಲ್ಲಿ. ತಪ್ಪಿಲ್ಲದೆ ಸತತ ಐದು ಸಲ ಬಂದರೆ ಮಾತ್ರ ವೇಗ ಸ್ವಲ್ಪ ಏರಿಸಿ. ಆರನೇ ಸಲ ತಪ್ಪಿದರೆ ಮತ್ತೆ ಇಳಿಸಿ. 10 ನಿಮಿಷ ಪೂರ್ತಿ ಕೃತಿ, ಚಿತ್ರ ಅಥವಾ ಕೆಲಸ, ನಡುವೆ ನಿಲ್ಲದೆ. ಉಳಿದ 10 ನಿಮಿಷ ಮುದ್ರಿಸಿದ್ದನ್ನು ಕೇಳಿ ಅಥವಾ ನೋಡಿ, ನಾಳೆಯ ಒಂದು ತಪ್ಪನ್ನು ಬರೆದಿಡಲು. ಬಹಳ ಜನ ಈ ಕೊನೆಯ ಹತ್ತು ನಿಮಿಷವನ್ನೇ ಬಿಡುತ್ತಾರೆ. ಹಾಗಾಗಿ ಬಂದದ್ದನ್ನೇ ಮತ್ತೆ ಮತ್ತೆ ನುಡಿಸಿ, ಅಭ್ಯಾಸವಾಯಿತು ಎಂದು ಎದ್ದುಬಿಡುತ್ತಾರೆ. ವರ್ಷ ಕಳೆದರೂ ತಪ್ಪು ಅಲ್ಲೇ ಇರುತ್ತದೆ, ಈಗ ಇನ್ನೂ ಗಟ್ಟಿಯಾಗಿ.

ಕೆಲವು ತಿಂಗಳಾದ ಮೇಲೆ ಬೆಳವಣಿಗೆ ನಿಂತಂತೆ ಅನಿಸುವ ಕಾಲ ಬರುತ್ತದೆ. ಕಿವಿ ಅಥವಾ ಕಣ್ಣು ಕೈಗಿಂತ ಮುಂದೆ ಹೋಗಿರುತ್ತದೆ, ಹಾಗಾಗಿ ಮೊದಲಿಗಿಂತ ಕೆಟ್ಟದಾಗಿ ಮಾಡುತ್ತಿದ್ದೇವೆ ಎನಿಸುತ್ತದೆ. ಮೊದಲ ದಿನದ ಧ್ವನಿಮುದ್ರಣ ತೆಗೆದು ಕೇಳಿ. ಅದಕ್ಕೇ ಅದನ್ನು ಅಳಿಸಬಾರದು. ಆದರೆ ಮಣಿಕಟ್ಟಿನಲ್ಲಿ ನೋವು, ಜುಮುಗುಟ್ಟುವಿಕೆ ಬಂದರೆ ಛಲ ಬೇಡ, ನಿಲ್ಲಿಸಿ ವೈದ್ಯರಿಗೆ ತೋರಿಸಿ. ಧ್ವನಿ ಎರಡು ಮೂರು ವಾರ ಕಳೆದರೂ ಗೊಗ್ಗರಾಗಿಯೇ ಇದ್ದರೆ ಇಎನ್‌ಟಿ ವೈದ್ಯರಿಗೆ.

ಕೂರುವ ಮುಂಚೆ ಎರಡು ನಿಮಿಷ ಪ್ರಾರ್ಥಿಸಿ. "ನನ್ನನ್ನು ದೊಡ್ಡವನನ್ನಾಗಿ ಮಾಡು" ಎಂದಲ್ಲ. ಇದು ನಿನ್ನದು, ನನ್ನ ಕೈಯಲ್ಲಿ ಕೊಟ್ಟಿದ್ದೀಯ, ಇವತ್ತು ಇದನ್ನು ಸರಿಯಾಗಿ ನೋಡಿಕೊಳ್ಳುವಂತೆ ಮಾಡು ಎಂದು. ಇದರಿಂದ ಅಭ್ಯಾಸಕ್ಕೂ ಉಪಕಾರವಿದೆ: ಪ್ರತಿಭೆ ನನ್ನದಲ್ಲ ಎಂದುಕೊಂಡವರು ತಿದ್ದಿದಾಗ ಮುನಿಸಿಕೊಳ್ಳುವುದಿಲ್ಲ, ಹೊಗಳಿದಾಗ ಅಭ್ಯಾಸ ಬಿಡುವುದಿಲ್ಲ.

ಆರನೇ ಹೆಜ್ಜೆ: ಬಳಕೆಗೆ ಇಳಿಸುವುದು

ಪೂರ್ತಿ ಕಲಿತ ಮೇಲೆ ಹೊರಗೆ ತರುತ್ತೇನೆ ಎಂದರೆ ಆ ದಿನ ಬರುವುದಿಲ್ಲ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯಜಮಾನನಿಂದ ಒಂದೇ ತಲಾಂತು (ಆ ಕಾಲದ ದೊಡ್ಡ ಮೊತ್ತದ ಹಣ) ಪಡೆದ ಆಳು ಅದನ್ನು ನೆಲದಲ್ಲಿ ಹೂತಿಟ್ಟದ್ದು ಸೋಮಾರಿತನದಿಂದ ಮಾತ್ರವಲ್ಲ, ಹೆದರಿ. ನಮ್ಮ ಶರಣರು ಕಾಯಕದ ಪಕ್ಕದಲ್ಲೇ ದಾಸೋಹವನ್ನು ಇಟ್ಟರು: ದುಡಿದದ್ದು ಹಂಚಿದಾಗಲೇ ಪೂರ್ತಿ. ಮೂರನೇ ತಿಂಗಳಿಗೇ ಸಣ್ಣದಾಗಿ ಹೊರಗೆ ತನ್ನಿ.

ಬೀದಿಯ ಗಣೇಶೋತ್ಸವ, ನವೆಂಬರಿನ ರಾಜ್ಯೋತ್ಸವ, ಚರ್ಚಿನ ಗಾನವೃಂದ, ದೇವಸ್ಥಾನದ ಭಜನೆ, ಸರ್ಕಾರಿ ಶಾಲೆಯ ಶನಿವಾರದ ಬಿಡುವು, ಯಾವುದಾದರೂ ಸರಿ. ಮೊದಲ ಸಲ ಐದೇ ನಿಮಿಷ, ಒಂದೇ ಕೃತಿ, ಅದೂ ಕೈಗೆ ಪೂರ್ತಿ ಬಂದದ್ದು. ಹೊಸದಾಗಿ ಕಲಿತದ್ದನ್ನು ವೇದಿಕೆಯಲ್ಲಿ ಪ್ರಯೋಗಿಸಬೇಡಿ. ಲೆಕ್ಕಪತ್ರದ ಕೈ ಇರುವವರು ಒಂದು ಸಣ್ಣ ಸಂಘದ ಪುಸ್ತಕ ಬರೆದುಕೊಡಿ. ಗಿಡದ ಕೈ ಇರುವವರು ಪಾರ್ಕಿನ ಒಂದು ಪಾತಿ ವಹಿಸಿಕೊಳ್ಳಿ. ಮತ್ತೆ ಕರೆಯುತ್ತಾರೆಯೇ ನೋಡಿ. ಚಪ್ಪಾಳೆ ಸೌಜನ್ಯದಿಂದಲೂ ಬರುತ್ತದೆ, ಎರಡನೇ ಕರೆ ಹಾಗಲ್ಲ.

ಮಕ್ಕಳ ವಿಷಯ

ಮಗುವನ್ನು ಒಟ್ಟಿಗೆ ಐದು ಕ್ಲಾಸಿಗೆ ಸೇರಿಸಬೇಡಿ. ಒಂದು ಮೈಯ ಚಟುವಟಿಕೆ, ಒಂದು ಕೈ ಅಥವಾ ಕಿವಿಯದು, ಅಷ್ಟು ಸಾಕು. ಆರು ತಿಂಗಳು ಕಳೆದ ಮೇಲೆ ಬದಲಿಸಬಹುದು. ಹೊಡೆದು ಬಡಿದು ವೇದಿಕೆ ಹತ್ತಿಸಿದ ಎಷ್ಟೋ ಮಕ್ಕಳು ಪಿಯುಸಿಗೆ ಬರುವ ಹೊತ್ತಿಗೆ ಗೆಜ್ಜೆಯನ್ನು, ಪಿಟೀಲನ್ನು ಮುಟ್ಟುವುದೇ ಇಲ್ಲ. ಇದಕ್ಕಿಂತ ದುಃಖದ ನಷ್ಟ ಇಲ್ಲ.

ಕ್ರೀಡೆಯಲ್ಲಿ ಇನ್ನೊಂದು ಮೋಸವಿದೆ. ವಯೋಮಿತಿಯ ಗಡಿ ದಿನಾಂಕದ ನಂತರ ಬೇಗ ಹುಟ್ಟಿದ ಮಗು, ಅದೇ ಗುಂಪಿನಲ್ಲಿ ತಡವಾಗಿ ಹುಟ್ಟಿದ ಮಗುವಿಗಿಂತ ಸುಮಾರು ಒಂದು ವರ್ಷ ದೊಡ್ಡದು. ಹತ್ತರ ಹರೆಯದಲ್ಲಿ ಆ ಒಂದು ವರ್ಷದ ಎತ್ತರ, ಬಲ ಪ್ರತಿಭೆಯಂತೆ ಕಾಣುತ್ತದೆ. 14 ವರ್ಷದೊಳಗಿನವರ ಆಯ್ಕೆಯಲ್ಲಿ ಬಿಟ್ಟುಹೋದ ಮಾತ್ರಕ್ಕೆ ಮಗುವಿಗೆ ವರವಿಲ್ಲ ಎಂದು ತೀರ್ಮಾನಿಸಬೇಡಿ. ಚೆಂಡನ್ನು ಎಷ್ಟು ಬೇಗ ಗುರುತಿಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ, ಎಷ್ಟು ದೂರ ಹೊಡೆಯುತ್ತದೆ ಎಂಬುದನ್ನಲ್ಲ. ಮನೆಗೆ ಬಂದ ಮಗುವಿಗೆ "ಗೆದ್ದೆಯಾ?" ಎನ್ನುವ ಬದಲು "ಇವತ್ತು ಏನು ತಿದ್ದಿದರು?" ಎಂದು ಕೇಳಿ.

ಉದ್ಯೋಗ ಬಿಡಬೇಕೇ?

ಬಹುತೇಕರು ಬಿಡಬೇಕಾಗಿಲ್ಲ. ಕವಿ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದರು. ಸುಗಮ ಸಂಗೀತಕ್ಕೆ ಹೊಸ ಕಸುವು ತಂದ ಸಿ. ಅಶ್ವತ್ಥ್ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ ವರ್ಷಗಟ್ಟಲೆ ನೌಕರಿ ಮಾಡಿದರು. ಕಸ್ತೂರಬಾ ರಸ್ತೆಯಲ್ಲಿ ಯಾರ ಹೆಸರಿನ ಕಲಾ ಗ್ಯಾಲರಿಯಿದೆಯೋ ಆ ಕೆ. ವೆಂಕಟಪ್ಪನವರು ಚಿತ್ರಕಾರರಾಗಿದ್ದೂ ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಒಬ್ಬರಿಗೆ ಒಂದೇ ವರ ಎಂಬ ನಿಯಮವೂ ಇಲ್ಲ.

ಜೀವನೋಪಾಯವನ್ನೇ ಅದಕ್ಕೆ ಬದಲಿಸಬೇಕೆಂದಿದ್ದರೆ ಮೂರು ಲೆಕ್ಕ ಸರಿಹೋಗಬೇಕು: ಪರಿಚಯವಿಲ್ಲದ ಗ್ರಾಹಕರಿಂದ ಸತತ ಆರು ತಿಂಗಳು ಹಣ ಬಂದಿರಬೇಕು, ಮನೆಬಾಡಿಗೆ ಮತ್ತು ಇಎಂಐ ಸೇರಿ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿರಬೇಕು, ಮನೆಯವರಿಗೆ ಲೆಕ್ಕ ತೋರಿಸಿ ಒಪ್ಪಿಗೆ ಪಡೆದಿರಬೇಕು. ಬೆಂಗಳೂರಿನ ಬಾಡಿಗೆ ಯಾರ ಪ್ರತಿಭೆಗೂ ಕಾಯುವುದಿಲ್ಲ. ಮೂರರಲ್ಲಿ ಒಂದು ಕಡಿಮೆಯಿದ್ದರೂ ಇನ್ನಾರು ತಿಂಗಳು ತಡೆಯಿರಿ. ಆ ಹೊತ್ತಿನಲ್ಲಿ ವಾರಕ್ಕೆ ಎರಡು ಸಂಜೆಯ ಬದಲು ಮೂರು ಸಂಜೆ ಅದಕ್ಕೆ ಕೊಡಿ, ಬಂದ ಪ್ರತಿ ರೂಪಾಯಿಯನ್ನೂ ಅದೇ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಬರೆದಿಡಿ.